ಶಿರಾದಲ್ಲಿ ನಾನು ಹುಟ್ಟಿಸಿದ ಗಡಿನಾಡ ಶೈಲಿ

ಊರು ತೋರಿಸುವ ಕೆಲಸಕ್ಕೆ ಸೇರುವವರು ಮೊದಲು ತಿಳಿದುಕೊಳ್ಳಬೇಕಾದದ್ದು ಆ ಊರಿನ ಇತಿಹಾಸವನ್ನಲ್ಲ, ಅಲ್ಲಿ ಶೌಚಾಲಯ ಎಲ್ಲಿದೆ ಎಂಬುದನ್ನು. ನಾನು ಇತಿಹಾಸದಲ್ಲಿ ಎಂ.ಎ. ಮಾಡಿ, ಬ್ಯಾಗಿನ ತುಂಬಾ ಟಿಪ್ಪಣಿ ಇಟ್ಟುಕೊಂಡು ಈ ಕೆಲಸಕ್ಕೆ ಬಂದವಳು. ಮೊದಲ ಭಾನುವಾರ ಶಿರಾದಲ್ಲಿ ಬಸ್ಸಿಳಿದ ಇಪ್ಪತ್ತೆರಡು ಜನರ ಮುಂದೆ ನಿಂತು ಮೊಘಲರಿಂದ ಶುರು ಮಾಡಿದೆ. ಸುಬೇದಾರರವರೆಗೆ ಬರುವಷ್ಟರಲ್ಲಿ ಹದಿನೇಳು ಜನ ಕಾಣೆಯಾಗಿದ್ದರು. ಉಳಿದ ಐವರೂ ಇತಿಹಾಸದ ಮೇಲಿನ ಪ್ರೀತಿಯಿಂದ ನಿಂತವರಲ್ಲ. ಹೋದವರು ವಾಪಸು ಬರಲಿ, ಆಮೇಲೆ ನಾವು ಹೋಗೋಣ ಎಂದು ಕಾಯುತ್ತಿದ್ದವರು.

ಕಳೆದ ತಿಂಗಳು, ನಾನು ಬಿಟ್ಟ ಜಾಗಕ್ಕೆ ಸೇರಿರುವ ಇಬ್ಬರು ಹುಡುಗಿಯರು ಮಧುಗಿರಿಯ ನಮ್ಮ ಮನೆಗೆ ಬಂದು, ಮೇಡಂ, ನಿಮ್ಮ ಅನುಭವ ಬರೆದುಕೊಡಿ ಎಂದರು. ಅನುಭವ ಎಂದರೆ ಅವರ ಲೆಕ್ಕದಲ್ಲಿ ನಾನು ಚೆನ್ನಾಗಿ ಮಾಡಿದ್ದು. ಅದು ಅರ್ಧ ಪುಟಕ್ಕೆ ಮುಗಿಯುತ್ತದೆ. ಆದ್ದರಿಂದ ಉಳಿದದ್ದನ್ನು ಬರೆಯುತ್ತಿದ್ದೇನೆ.

ನಮ್ಮದು ತುಮಕೂರಿನ ಒಂದು ಸಣ್ಣ ಪ್ರವಾಸದ ಕಂಪನಿ. ಯಜಮಾನರು ಶ್ರೀಕಂಠಯ್ಯ. ಒಮ್ಮೆ ಅವರ ಕಾರು ಶಿರಾದ ಹತ್ತಿರ ಹೆದ್ದಾರಿಯಲ್ಲಿ ಕೆಟ್ಟು ನಿಂತಿತಂತೆ. ಮೆಕ್ಯಾನಿಕ್ ಬರುವ ತನಕ ಏನು ಮಾಡುವುದು ಎಂದು ಊರೊಳಗೆ ನಡೆದು ಹೋದವರು ಚೆನ್ನಾಗಿ ಉಂಡು, ಕೋಟೆ ನೋಡಿ, ಯಾವುದೋ ಅಂಗಡಿಯ ಜಗಲಿಯಲ್ಲಿ ಒಬ್ಬ ಕ್ಲಾರಿನೆಟ್ ನುಡಿಸುವುದನ್ನು ಕೇಳಿ, ಸಂಜೆಗೆ ಹೊಸ ಮನುಷ್ಯರಾಗಿ ವಾಪಸು ಬಂದರು. ಮೂವತ್ತು ವರ್ಷ ಇದೇ ರಸ್ತೆಯಲ್ಲಿ ಓಡಾಡಿದರೂ ಈ ಊರು ನನಗೆ ಬರೀ ಒಂದು ಬೋರ್ಡಾಗಿತ್ತಲ್ಲ ಎಂದು ಅವರಿಗೆ ಅನ್ನಿಸಿತು. ಹಾಗೆ ಹುಟ್ಟಿದ್ದು ನಮ್ಮ ಭಾನುವಾರದ ಪ್ರವಾಸ: ಒಂದು ದಿನ, ಒಂದು ಊರು, ಊಟ, ಇತಿಹಾಸ, ಸಂಗೀತ. ಅವರು ಹೊಸ ಮನುಷ್ಯರಾದದ್ದು ಪುರುಸೊತ್ತಾಗಿ. ನಮಗೆ ಮಾತ್ರ ವೇಳಾಪಟ್ಟಿ ಮಾಡಿಕೊಟ್ಟರು. ಇತಿಹಾಸಕ್ಕೆ ನಲವತ್ತು ನಿಮಿಷ. ಜೊತೆಗೆ ಒಂದು ಸೀಟಿ.

ಆ ನಲವತ್ತು ನಿಮಿಷದಲ್ಲೇ ನನ್ನ ಮೊದಲ ದೊಡ್ಡ ತಪ್ಪು ನಡೆಯಿತು. ಕೋಟೆಯ ಒಳಗೆ ಒಂದು ಕಲ್ಲಿನ ತೊಟ್ಟಿ ಬಿದ್ದಿತ್ತು. ಯಾರೋ, ಇದೇನು ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನಲು ಎಂ.ಎ. ಅಡ್ಡ ಬಂತು. ಸುಬೇದಾರರ ಪಟ್ಟದ ಕುದುರೆ ಪನ್ನೀರು ಬೆರೆಸಿದ ನೀರು ಕುಡಿಯುತ್ತಿದ್ದ ತೊಟ್ಟಿ ಇದು ಎಂದೆ. ಪನ್ನೀರು ಎಲ್ಲಿಂದ ಬಂತೋ ನನಗೂ ತಿಳಿಯದು. ಜನ ತೊಟ್ಟಿಯ ಪಕ್ಕ ನಿಂತು ಫೋಟೊ ತೆಗೆಸಿಕೊಂಡರು. ಎರಡು ತಿಂಗಳು ಆ ಕುದುರೆ ಚೆನ್ನಾಗಿ ಓಡಿತು.

ಕೋಟೆಯ ಗೋಡೆಗೆ ಒರಗಿ ದಿನವೂ ಬಿಸಿಲು ಕಾಯಿಸುತ್ತಿದ್ದ ಒಬ್ಬ ಮುದುಕರಿದ್ದರು, ಅಮೀರ್‌ಜಾನ್ ಸಾಹೇಬರು. ಹಿಂದೆ ಟಾಂಗಾ ಓಡಿಸುತ್ತಿದ್ದವರು. ಒಂದು ಭಾನುವಾರ ಅವರು ಎದ್ದು ಬಂದು, ಬಹಳ ಮರ್ಯಾದೆಯಿಂದ, ಎಲ್ಲರಿಗೂ ಕೇಳುವಷ್ಟು ಗಟ್ಟಿಯಾಗಿ ಹೇಳಿದರು. “ಬೇಜಾರ್ ಮಾಡ್ಕೋಬೇಡಿ ಬೇಟಿ. ಆ ತೊಟ್ಟಿ ನಮ್ ದಾದಾ, ನಮ್ ತಾತ, ತಂದು ಹಾಕಿದ್ದು. ನಮ್ಮನೆ ಎಮ್ಮೆಗೆ.”

ಅವತ್ತು ಜನ ನಕ್ಕಷ್ಟು ನನ್ನ ಯಾವ ಇತಿಹಾಸಕ್ಕೂ ನಕ್ಕಿರಲಿಲ್ಲ, ಅತ್ತಿರಲೂ ಇಲ್ಲ. ನಾನು ಮುಖ ಕೆಂಪಗೆ ಮಾಡಿಕೊಂಡು ಸೀಟಿ ಊದಿದೆ. ಆದರೆ ಸಂಜೆ ಬಸ್ಸಿನಲ್ಲಿ ಎಲ್ಲರ ಬಾಯಲ್ಲೂ ಆ ಎಮ್ಮೆಯದೇ ಮಾತು. ಮುಂದಿನ ವಾರ ನಾನೇ ಹೋಗಿ ಸಾಹೇಬರಿಗೆ ಚಹಾ ಕೊಡಿಸಿ, ದಯವಿಟ್ಟು ಪ್ರತಿ ಭಾನುವಾರ ಬಂದು ನನ್ನ ತಪ್ಪು ತೋರಿಸಿ ಎಂದು ಕೇಳಿಕೊಂಡೆ. ಆಮೇಲಿನ ಹನ್ನೊಂದು ವರ್ಷ ನಾನು ಪುಸ್ತಕದಲ್ಲಿದ್ದದ್ದನ್ನು ಹೇಳುವುದು, ಅವರು ಅದನ್ನು ಅಲ್ಲಗಳೆಯುವುದು. ಇಲ್ಲಿಯ ಅರಮನೆಯನ್ನು ನೋಡಿಯೇ ಬೆಂಗಳೂರಿನಲ್ಲೊಂದು ಕಟ್ಟಿದರು ಎಂಬ ಮಾತಿದೆ ಎಂದು ನಾನು ಅಂದರೆ, ಅವರು ಕೋಟೆಯ ಕಡೆಗೊಮ್ಮೆ, ಬೆಂಗಳೂರಿನ ಜನರ ಕಡೆಗೊಮ್ಮೆ ನೋಡಿ, ಅದಕ್ಕೇ ಇವರು ಅಸಲಿ ಮಾಲು ನೋಡೋಕೆ ಇಷ್ಟು ದೂರ ಬರ್ತಾರೆ ಎನ್ನುತ್ತಿದ್ದರು. ಇತಿಹಾಸದ ವಿಷಯದಲ್ಲಿ ಅಂದಿನಿಂದ ನಾನು ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದೇ ಹೇಳಿದ್ದೇನೆ. ಇತಿಹಾಸದ ವಿಷಯದಲ್ಲಿ ಮಾತ್ರ.

ಊಟ ನಾಗರತ್ನಮ್ಮನ ಹೋಟೆಲಿನಲ್ಲಿ. ಹಿತ್ತಲಲ್ಲಿ ಒಂದು ಬೇವಿನ ಮರ, ಅದರ ಕೆಳಗೆ ಬೆಂಚುಗಳು. ಮುದ್ದೆ, ಹುರುಳಿ ಸಾರು, ಕಡಲೇಬೀಜದ ಚಟ್ನಿ, ಅನ್ನ, ಮಜ್ಜಿಗೆ. ನಾಗರತ್ನಮ್ಮ ಉಣ್ಣುವವರ ಎದುರು ಸೊಂಟದ ಮೇಲೆ ಕೈಯಿಟ್ಟು ನಿಲ್ಲುವ ಹೆಂಗಸು. ಒಮ್ಮೆ ಬೆಂಗಳೂರಿನ ಒಬ್ಬ ನಿವೃತ್ತ ಎಂಜಿನಿಯರು ಮೊದಲ ತುತ್ತು ಮುದ್ದೆಯನ್ನು ಕಣ್ಣು ಮುಚ್ಚಿ ಅಗಿಯತೊಡಗಿದರು. ಉಳಿದವರು ಮಜ್ಜಿಗೆಗೆ ಬಂದರೂ ಅವರ ದವಡೆ ನಿಲ್ಲಲಿಲ್ಲ. ಕೊನೆಗೆ ನಾಗರತ್ನಮ್ಮ ಹತ್ತಿರ ಹೋಗಿ, “ನುಂಗಪ್ಪಾ, ಅದೇನ್ ಕಬ್ಬಾ?” ಎಂದಳು. ಅವರು ಬೆಚ್ಚಿ ನುಂಗಿದರು. ಮುದ್ದೆ ಇಳಿಯಿತು. ಮರುವರ್ಷ ಹೆಂಡತಿಯನ್ನೂ ಕರೆದುಕೊಂಡು ಬಂದು, ಅಗಿಯಬೇಡ, ಬೈಯುತ್ತಾರೆ ಎಂದು ಹೇಳಿಕೊಟ್ಟರು.

ಫೋನಿನಲ್ಲಿ ಕ್ಯಾಮೆರಾ ಬಂದ ಮೇಲೆ ನಮ್ಮ ಕೆಲಸದ ರೀತಿಯೇ ಬದಲಾಯಿತು. ಮೊದಲು ಜನ ಉಂಡು ಹೊಗಳುತ್ತಿದ್ದರು. ಈಗ ಫೋಟೊ ತೆಗೆದು, ಹೊಗಳಿ, ಆಮೇಲೆ ಆರಿದ್ದನ್ನು ಉಣ್ಣುತ್ತಾರೆ. ನಾಗರತ್ನಮ್ಮ ಒಂದು ಕಾನೂನು ತಂದಳು: ಅರ್ಧ ಮುದ್ದೆ ಮುಗಿಯುವ ತನಕ ಫೋನು ಎತ್ತುವ ಹಾಗಿಲ್ಲ. ಹೀಗಾಗಿ ಅಂತರ್ಜಾಲದಲ್ಲಿ ಅವಳ ಹೋಟೆಲಿನ ಮುದ್ದೆಗಳೆಲ್ಲ ಅರ್ಧವೇ ಇವೆ. ಅಲ್ಲಿ ಬರೆಯುವ ಅಭಿಪ್ರಾಯಗಳ ಕಾಟ ಬೇರೆ. ಒಬ್ಬರು ಎರಡು ನಕ್ಷತ್ರ ಕೊಟ್ಟು, ಕೋಟೆ ತುಂಬಾ ಹಳೆಯದಾಗಿದೆ ಎಂದು ಬರೆದರು. ಶ್ರೀಕಂಠಯ್ಯನವರು ನನ್ನನ್ನು ಕರೆಸಿ, ಇದಕ್ಕೆ ಏನಾದರೂ ಮಾಡೋಕಾಗುತ್ತಾ ನೋಡು ಎಂದರು.

ಇನ್ನು ಸಂಗೀತ. ಇದನ್ನು ಹೇಳದೆ ತಪ್ಪಿಸಿಕೊಳ್ಳುವ ಹಾಗಿದ್ದರೆ ಇಲ್ಲಿಗೇ ನಿಲ್ಲಿಸುತ್ತಿದ್ದೆ.

ಬಹಳ ವರ್ಷ ನಮಗೆ ಕೊರಟಗೆರೆಯ ಒಬ್ಬ ಕ್ಲಾರಿನೆಟ್ ವಾದಕರು ನುಡಿಸುತ್ತಿದ್ದರು. ಅವರು ಹಲ್ಲಿನ ಸೆಟ್ ಕಟ್ಟಿಸಿಕೊಂಡರು. ಅದಾದ ಮೇಲೆ ಕ್ಲಾರಿನೆಟ್ಟಿನಿಂದ ಗಾಳಿ ಬಂತು, ನಾದ ಬರಲಿಲ್ಲ. ಮೊಮ್ಮಕ್ಕಳ ಜೊತೆ ಚಕ್ಕುಲಿ ತಿನ್ನುವುದು ಮುಖ್ಯ ಎಂದು ಅವರು ನಿವೃತ್ತರಾದರು. ಬೇರೆಯವರನ್ನು ಹುಡುಕುವುದಕ್ಕೆ ನನಗೆ ಸಿಕ್ಕಿದ್ದು ಒಂದು ವಾರ. ಪಾವಗಡದ ಕಡೆ ಕ್ಯಾತಗಾನಚೆರ್ಲುವಿನಲ್ಲಿ ನರಸಿಂಹಪ್ಪ ಎಂಬವರು ಹಾರ್ಮೋನಿಯಂ ಇಟ್ಟುಕೊಂಡು ತತ್ವಪದ ಹಾಡುತ್ತಾರೆ ಎಂದು ಯಾರೋ ಹೇಳಿದರು. ಬಸ್ಸು ಹತ್ತಿದೆ.

ಊರ ಮುಂದಿನ ಅಂಗಡಿಯಲ್ಲಿ, ನರಸಿಂಹಪ್ಪನವರ ಮನೆ ಎಲ್ಲಿ, ಹಾಡಿಸೋಕೆ ಕರೆದುಕೊಂಡು ಹೋಗಬೇಕು ಎಂದೆ. ಅಂಗಡಿಯ ಹೆಂಗಸು ತೂಗುತ್ತಿದ್ದ ತಕ್ಕಡಿಯನ್ನು ಕೆಳಗಿಟ್ಟು, ತೆಲುಗು ಬೆರೆತ ಕನ್ನಡದಲ್ಲಿ ಹೇಳಿದಳು. “ತೀಸ್ಕೊಂಡೋಗಮ್ಮಾ. ವಾರವಾರಾನೂ ತೀಸ್ಕೊಂಡೋಗು. ಬೆಳಿಗ್ಗೇನೇ ಬಸ್ಸೈತೆ.” ಅಲ್ಲಿ ಕೂತಿದ್ದ ನಾಲ್ವರು ಎದ್ದು ನನಗೆ ದಾರಿ ತೋರಿಸಲು ಬಂದರು. ಒಬ್ಬ ಕಲಾವಿದನ ಮೇಲೆ ಊರಿಗೆ ಎಷ್ಟು ಅಭಿಮಾನ ಎಂದು ನನ್ನ ಕಣ್ಣು ಒದ್ದೆಯಾಯಿತು.

ನರಸಿಂಹಪ್ಪ ಅರವತ್ತು ದಾಟಿದ, ತೆಳ್ಳನೆಯ, ಹಸನ್ಮುಖದ ಮನುಷ್ಯ. ಅವರ ಜಮೀನು ಸೋಲಾರ್ ಪಾರ್ಕಿಗೆ ಗುತ್ತಿಗೆ ಹೋಗಿತ್ತು. ಮನೆಯ ಹಿಂದಿನಿಂದ ದಿಗಂತದವರೆಗೂ ನೀಲಿ ಹಲಗೆಗಳು. ಚಿಕ್ಕಂದಿನಿಂದ ನೇಗಿಲು ಹಿಡಿದವರಿಗೆ ಒಮ್ಮೆಲೇ ದಿನವಿಡೀ ಬಿಡುವು. “ನೆಲಕ್ಕೆ ನೌಕ್ರಿ ಸಿಕ್ತು ಕಣಮ್ಮ, ನಂಗೆ ಹೋಯ್ತು” ಎಂದರು. ಭಜನಾ ಮಂಡಳಿಯ ಕೋಣೆಯಲ್ಲಿ ಧೂಳು ಹಿಡಿಯುತ್ತಿದ್ದ ಹಾರ್ಮೋನಿಯಂ ತಂದು ತಾವೇ ಕಲಿಯತೊಡಗಿದ್ದರು. ಅವತ್ತು ಅದರ ಗಾಳಿ ಊದುವ ಬಾತೆ ಹರಿದು, ಪೆಟ್ಟಿಗೆ ಹೊಲಿಗೆಗೆ ಹೋಗಿತ್ತು. ಹಾಡು ಕೇಳದೆಯೇ ಒಪ್ಪಿಸಿ ಬಂದೆ.

ಆ ಭಾನುವಾರ ಊಟವಾದ ಮೇಲೆ ಬೇವಿನ ಮರದ ಕೆಳಗೆ ಅವರು ಹಾಡಿದರು. ಅರ್ಧ ತೆಲುಗು, ಅರ್ಧ ಕನ್ನಡದ ಪದ. ದನಿ ಒಂದು ದಿಕ್ಕಿಗೆ ಹೊರಟಿತು, ಪೆಟ್ಟಿಗೆ ಇನ್ನೊಂದು ದಿಕ್ಕಿಗೆ. ನಡುನಡುವೆ ಪೆಟ್ಟಿಗೆ ಮೌನವಾಗುತ್ತಿತ್ತು, ದನಿ ಒಂಟಿಯಾಗಿ ಎಲ್ಲೆಲ್ಲೋ ಅಲೆಯುತ್ತಿತ್ತು. ಸಾಲಿನ ಕೊನೆಯಲ್ಲಿ ಇಬ್ಬರೂ ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕ ನೆಂಟರ ಹಾಗೆ ಭೇಟಿಯಾಗುತ್ತಿದ್ದರು. ನಾಗರತ್ನಮ್ಮನ ನಾಯಿ ಎದ್ದು ಹೊರಗೆ ಹೋಯಿತು. ಅಂಗಡಿಯ ಹೆಂಗಸು ತಕ್ಕಡಿ ಕೆಳಗಿಟ್ಟದ್ದು ಯಾಕೆ ಎಂದು ನನಗೆ ಆಗ ತಿಳಿಯಿತು.

ನರಸಿಂಹಪ್ಪ ಮಾತ್ರ ಹಾಡು ಮುಗಿಸಿ, ಕಣ್ಣು ತೆರೆದು, ಜನರ ಮುಖಗಳನ್ನು ಒಂದೊಂದಾಗಿ ನೋಡಿದರು. ಶಾಲೆಯಲ್ಲಿ ಸ್ಲೇಟು ತೋರಿಸುವ ಮಗುವಿನ ಮುಖ. ಎರಡನೇ ಸಾಲಿನಲ್ಲಿ ವಸುಧಾ ಎಂಬ ಸಂಗೀತ ಸಂಶೋಧಕಿ ಕೂತಿದ್ದರು. ಬಸ್ಸಿನಲ್ಲಿ ಪರಿಚಯ ಹೇಳಿಕೊಂಡಿದ್ದರು. ಅವರು ಕೈಯೆತ್ತಿ, ಇದು ಯಾವ ಶೈಲಿ ಎಂದು ನನ್ನನ್ನು ಕೇಳಿದರು. ನಾನು ನರಸಿಂಹಪ್ಪನವರ ಮುಖ ನೋಡಿದೆ. ನನ್ನ ಬಾಯಿ ತಾನೇ ತೆರೆಯಿತು.

“ಇದು ಗಡಿನಾಡಿನ ಶೈಲಿ ಮೇಡಂ. ಈಗ ಹಾಡುವವರು ಬಹಳ ಕಡಿಮೆ.”

ಎರಡನೆಯ ಮಾತು ನಿಜವೇ. ಒಬ್ಬರೇ ಇದ್ದರು.

ಜನ ಈಗ ಬೇರೆ ಕಿವಿಯಿಂದ ಕೇಳತೊಡಗಿದರು. ಎರಡನೇ ಪದಕ್ಕೆ ಇಬ್ಬರು ಕಣ್ಣು ಮುಚ್ಚಿದರು. ಮುಂದಿನ ವಾರಗಳಲ್ಲಿ ನಕ್ಷತ್ರಗಳು ಏರಿದವು. ಶ್ರೀಕಂಠಯ್ಯನವರು ಕರಪತ್ರದಲ್ಲಿ ಗಡಿನಾಡ ಶೈಲಿ ಎಂದು ದಪ್ಪ ಅಕ್ಷರದಲ್ಲಿ ಹಾಕಿಸಿದರು. ಅಮೀರ್‌ಜಾನ್ ಸಾಹೇಬರು ಒಮ್ಮೆ ಪೂರ್ತಿ ಕೇಳಿ, ನನ್ನ ಪಕ್ಕಕ್ಕೆ ಬಂದು, ಬೇಟಿ, ಅವರಿಗೆ ಬಹಳ ದಿನದಿಂದ ನೆಗಡಿಯೇ ಎಂದು ವಿಚಾರಿಸಿದರು. ಊರಿನಲ್ಲಿ ನರಸಿಂಹಪ್ಪನವರ ಬೆಲೆ ಏರಿತು. ಅವರ ಹೆಂಡತಿ ವೆಂಕಟಲಕ್ಷ್ಮಮ್ಮ ತನ್ನ ರೇಷ್ಮೆ ಸೀರೆಯ ಸೆರಗಿನಿಂದ ಪೆಟ್ಟಿಗೆಗೆ ಹೊದಿಕೆ ಹೊಲಿದಳು. ಸುಳ್ಳಿನಿಂದ ಇಷ್ಟೊಂದು ಜನ ಸುಖವಾಗಿರುವಾಗ ನಿಜ ಹೇಳಿ ಕೆಡಿಸುವುದು ಯಾಕೆ ಎಂದು ನಾನು ಸುಮ್ಮನಿದ್ದೆ.

ವಸುಧಾ ಸುಮ್ಮನಿರಲಿಲ್ಲ. ನಾಲ್ಕು ಬಾರಿ ಬಂದು ಧ್ವನಿಮುದ್ರಣ ಮಾಡಿಕೊಂಡು ಹೋದರು. ಐದನೇ ಬಾರಿ ಒಂದು ಆಹ್ವಾನ ಪತ್ರ ತಂದರು. ತುಮಕೂರಿನ ಒಂದು ಕಾಲೇಜಿನ ಸಭಾಂಗಣದಲ್ಲಿ ಅವರ ಉಪನ್ಯಾಸ, ನರಸಿಂಹಪ್ಪನವರ ಪ್ರಾತ್ಯಕ್ಷಿಕೆ. ವಿಷಯ: ಗಡಿನಾಡ ಶೈಲಿಯಲ್ಲಿ ಮೂರು ಸ್ವರಗಳ ತ್ಯಾಗ. ಈ ಶೈಲಿಯಲ್ಲಿ ಗಾಂಧಾರ, ಧೈವತ, ನಿಷಾದಗಳ ಹತ್ತಿರ ಬಂದಾಗಲೆಲ್ಲ ವಾದ್ಯ ಮೌನ ತಾಳುತ್ತದೆ, ಇದು ಬೇರೆಲ್ಲೂ ಇಲ್ಲ ಎಂದು ಅವರು ಸಂಭ್ರಮದಿಂದ ಹೇಳಿದರು. ಮೊದಲ ಸಾಲಿನಲ್ಲಿ ಸಂಗೀತದ ಮೇಷ್ಟರುಗಳೇ ಕೂರುತ್ತಾರಂತೆ.

ಅಲ್ಲಿ ನನ್ನ ಸುಳ್ಳು ಬಯಲಾಗುವುದು ಖಚಿತ. ಕೆಲಸ ಹೋದರೆ ಹೋಗಲಿ. ಆದರೆ ಮೊದಲ ಸಾಲಿನ ಮೇಷ್ಟರುಗಳು ಮೊದಲ ಸಾಲಿಗೇ ನಗುತ್ತಾರೆ. ಆ ಮನುಷ್ಯ ಹಾಡು ಮುಗಿಸಿ, ಕಣ್ಣು ತೆರೆದು, ಆ ಮುಖಗಳನ್ನು ಒಂದೊಂದಾಗಿ ನೋಡುತ್ತಾರೆ.

ಬುಧವಾರ ರಜೆ ಹಾಕಿ ಕ್ಯಾತಗಾನಚೆರ್ಲುವಿಗೆ ಹೋದೆ. ನರಸಿಂಹಪ್ಪ ಜಗಲಿಯ ಮೇಲೆ ಕೂತಿದ್ದರು, ವೆಂಕಟಲಕ್ಷ್ಮಮ್ಮ ಅವರ ಬಿಳಿ ಅಂಗಿಗೆ ಇಸ್ತ್ರಿ ಮಾಡುತ್ತಿದ್ದಳು. ಕಾಫಿ ಕೊಟ್ಟರು. ಕುಡಿಯದೆ ಎಲ್ಲವನ್ನೂ ಹೇಳಿದೆ. ಶೈಲಿ ಎಂಬುದೇ ಇಲ್ಲ, ನಾನು ಅಲ್ಲೇ ನಿಂತು ಕಟ್ಟಿದ್ದು ಎಂದೆ.

ಅವರು ಹೆಂಡತಿಯ ಕೈಯಲ್ಲಿದ್ದ ಬಿಳಿ ಅಂಗಿಯ ಕಡೆ ನೋಡಿದರು. ಆಮೇಲೆ ಕೇಳಿದರು. “ಅಂದ್ರೆ ನಾನ್ ಹಾಡೋದು ಚೆನ್ನಾಗಿಲ್ಲ ಅನ್ನು.”

ಇಷ್ಟು ವರ್ಷ ಮಾತಿನಿಂದಲೇ ಬದುಕಿದವಳು ನಾನು. ಅವತ್ತು ಸಿಕ್ಕಿದ್ದು ಒಂದೇ ಮಾತು. “ಚೆನ್ನಾಗಿಲ್ಲ ನರಸಿಂಹಪ್ಪನೋರೇ.”

ವೆಂಕಟಲಕ್ಷ್ಮಮ್ಮ ಇಸ್ತ್ರಿಪೆಟ್ಟಿಗೆ ಎತ್ತಿ ನಿಲ್ಲಿಸಿದಳು. “ಇದನ್ನ ಚೆಪ್ಪೋಕೆ ನಿಂಗೆ ಇಷ್ಟ್ ದಿನ ಬೇಕಾಯ್ತಾ? ನಾನು ಮೊದಲ್ನೇ ದಿನಾನೇ ಚೆಪ್ಪಿದ್ದೆ. ನೀನು ಬಂದು ಶೈಲಿ ಅಂದೆ. ಓದಿದೋಳು, ನಿಂಗೇ ಗೊತ್ತಿರಬೇಕು ಅಂತ ನಾನ್ ಸುಮ್ಕಾದೆ.”

ನರಸಿಂಹಪ್ಪ ನನ್ನ ಕೈಯಲ್ಲಿದ್ದ ಆಹ್ವಾನ ಪತ್ರ ತೋರಿಸಿ, ಅದೇನೋ ಮೂರು ಸ್ವರ ಬರೆದೈತಲ್ಲ, ಯಾವುವು ಎಂದರು. ಓದಿ ಹೇಳಿದೆ. ಅವರು ಒಳಗಿಂದ ಹಾರ್ಮೋನಿಯಂ ತಂದು, ರೇಷ್ಮೆಯ ಹೊದಿಕೆ ತೆಗೆದು, ಬೆರಳಿಟ್ಟು ನುಡಿಸುವ ಮನೆಗಳಲ್ಲಿ ಮೂರನ್ನು ಒಂದಾದ ಮೇಲೊಂದು ಒತ್ತಿದರು. ಉಸ್ ಎಂದು ಬರೀ ಗಾಳಿ ಬಂತು.

“ಇವೇನಾ?” ಎಂದರು. “ಮಂಡಳಿ ಕೋಣೇಲಿ ಇಲಿ ಕಡ್ದವೆ ಕಣಮ್ಮ. ಅದನ್ನ ಆಯಮ್ಮ ತ್ಯಾಗ ಅಂತ ಬರ್ದವ್ಳಾ?”

ಮೊದಲು ಅವರ ಭುಜ ಅಲುಗಿತು. ಆಮೇಲೆ ಅಂಗಿ ಹಿಡಿದಿದ್ದ ವೆಂಕಟಲಕ್ಷ್ಮಮ್ಮ ಗೋಡೆಗೆ ಒರಗಿದಳು. ನನಗೆ ನಗಬಹುದೋ ಬಾರದೋ ತಿಳಿಯಲಿಲ್ಲ, ತಣ್ಣಗಾದ ಕಾಫಿಯನ್ನು ಒಂದೇ ಗುಟುಕಿಗೆ ಕುಡಿದೆ. ನಗು ನಿಂತ ಮೇಲೆ ಅವರ ಮುಖದಲ್ಲಿ ಉಳಿದದ್ದು ನಗುವಲ್ಲ. ಹೊದಿಕೆಯನ್ನು ನಿಧಾನವಾಗಿ ಮಡಿಸುತ್ತಾ ಹೇಳಿದರು. “ಕಾಲೇಜ್ಗೆ ಬತ್ತೀನಿ. ನಾನೇ ಹೇಳ್ತೀನಿ. ನಿನ್ ಕೈಲಿ ಬುಟ್ರೆ ಇನ್ನೊಂದ್ ಸುಳ್ಳ್ ಸೇರಿಸ್ಬುಡ್ತೀಯ.”

ಸಭಾಂಗಣ ತುಂಬಿತ್ತು. ವಸುಧಾ ಅರ್ಧ ಗಂಟೆ ಮಾತಾಡಿದರು. ಮೇಷ್ಟರುಗಳು ತಲೆದೂಗಿದರು, ಒಬ್ಬರು ಬರೆದುಕೊಂಡರು. ಆಮೇಲೆ ನರಸಿಂಹಪ್ಪ ಮೈಕನ್ನು ಹಾರ್ಮೋನಿಯಂ ಹತ್ತಿರ ಎಳೆದುಕೊಂಡು, ಆ ಮೂರು ಮನೆಗಳನ್ನು ಒತ್ತಿದರು. ಇಡೀ ಸಭೆಗೆ ಮೂರು ಸಲ ಉಸ್ ಎಂದು ಕೇಳಿತು. “ಇವನ್ನ ನಾನ್ ತ್ಯಾಗ ಮಾಡಿಲ್ಲ, ಇಲಿ ತಿಂದೈತೆ” ಎಂದರು. “ಶೈಲಿ ಅಂತ ಹೇಳಿದ್ದು ಆ ಮೂಲೇಲಿ ಕೂತೈತಲ್ಲ, ಆಯಮ್ಮ. ಅವತ್ತು ನನ್ ಮುಖ ನೋಡಿ ಪಾಪ ಅನ್ನಿಸಿರಬೇಕು.”

ಮುನ್ನೂರು ತಲೆಗಳು ನನ್ನ ಕಡೆ ತಿರುಗಿದವು. ನಾನು ಚಪ್ಪಲಿ ನೋಡಿಕೊಂಡೆ. ಯಾರೋ ನಕ್ಕರು, ಆಮೇಲೆ ಇಡೀ ಸಭೆ ನಕ್ಕಿತು. ವಸುಧಾ ನಗಲಿಲ್ಲ. ಎದ್ದು ಬಂದು, ಬಗ್ಗಿ, ಆ ಮೂರು ಮನೆಗಳನ್ನು ತಾವೇ ಒತ್ತಿ ನೋಡಿದರು. ಕೈಯಲ್ಲಿದ್ದ ಹಾಳೆಗಳನ್ನು ನೆಲದ ಮೇಲಿಟ್ಟು, ನನ್ನ ಉಪನ್ಯಾಸ ಇಲ್ಲಿಗೆ ಮುಗಿಯಿತು, ಇವರ ಪದ ಕೇಳೋಣ ಎಂದರು. ನರಸಿಂಹಪ್ಪ ಹಾಡಿದರು. ಎಂದಿನಂತೆಯೇ ಹಾಡಿದರು. ನಗುವುದಕ್ಕಿದ್ದದ್ದನ್ನು ಆಗಲೇ ನಕ್ಕು ಮುಗಿಸಿದ್ದರಿಂದಲೋ ಏನೋ, ಜನ ಪೂರ್ತಿ ಕೇಳಿ ಚಪ್ಪಾಳೆ ಹೊಡೆದರು. ಹೊರಗೆ ವಸುಧಾ ನನಗೆ ಹೇಳಿದ್ದು ಒಂದೇ ಮಾತು. “ಗೊತ್ತಿಲ್ಲ ಅಂದಿದ್ದರೆ ಸಾಕಾಗಿತ್ತು ಜಯಲಕ್ಷ್ಮಿ.”

ಶ್ರೀಕಂಠಯ್ಯನವರು ಬೈಯಲಿಲ್ಲ. ನನ್ನನ್ನು ಮೂರು ತಿಂಗಳು ಮಧುಗಿರಿ ಬೆಟ್ಟದ ಪ್ರವಾಸಕ್ಕೆ ಹಾಕಿದರು. ಶಿಕ್ಷೆ ಎಂದು ಯಾರೂ ಹೇಳಲಿಲ್ಲ. ಐವತ್ತಾರನೇ ವಯಸ್ಸಿನಲ್ಲಿ ಆ ಬಂಡೆಯನ್ನು ವಾರಕ್ಕೊಮ್ಮೆ ಹತ್ತುವವಳಿಗೆ ಹೇಳಬೇಕಾಗಿಯೂ ಇರಲಿಲ್ಲ.

ನಾನು ಶಿರಾಕ್ಕೆ ಮರಳುವ ಹೊತ್ತಿಗೆ ನರಸಿಂಹಪ್ಪ ಅಲ್ಲಿದ್ದರು. ಕರಪತ್ರದಿಂದ ಶೈಲಿ ಹೋಗಿತ್ತು, ಅವರು ಹೋಗಿರಲಿಲ್ಲ. ಬಂದವರಿಗೆ ಮೊದಲು ಸತ್ತ ಮನೆಗಳನ್ನು ಒತ್ತಿ ತೋರಿಸಿ, ನನ್ನ ಸುಳ್ಳಿನ ಕತೆ ಹೇಳಿ, ಆಮೇಲೆ ಹಾಡುತ್ತಿದ್ದರು. ವಾರದಿಂದ ವಾರಕ್ಕೆ ಕತೆಯಲ್ಲಿ ನನ್ನ ಸುಳ್ಳು ಬೆಳೆಯುತ್ತಿತ್ತು. ಒಂದು ಭಾನುವಾರ ನಾನು ಅವರನ್ನು ಮೈಸೂರು ಅರಮನೆಯ ಆಸ್ಥಾನ ವಿದ್ವಾಂಸರ ವಂಶದವರು ಎಂದಿದ್ದೆನಂತೆ. ನಾನು ಪಕ್ಕದಲ್ಲೇ ನಿಂತು ಕೇಳಿಸಿಕೊಂಡೆ. ಅಲ್ಲಗಳೆಯುವ ಯೋಗ್ಯತೆ ನನಗಿರಲಿಲ್ಲ.

ನನ್ನ ಕೊನೆಯ ವರ್ಷದಲ್ಲಿ ವಸುಧಾ ಮತ್ತೆ ಬಂದರು. ಜೊತೆಗೆ ಹಾರ್ಮೋನಿಯಂ ರಿಪೇರಿ ಮಾಡುವ ಒಬ್ಬರನ್ನು ಕರೆತಂದಿದ್ದರು. ಆತ ಬೇವಿನ ಮರದ ಕೆಳಗೆ ಕೂತು ಪೆಟ್ಟಿಗೆ ಬಿಚ್ಚಿ, ಸ್ವರ ಹೊರಡಿಸುವ ಮೂರು ಹೊಸ ನಾಲಗೆಗಳನ್ನು ಕೂರಿಸಿದರು. ನಾಗರತ್ನಮ್ಮ ಅಡುಗೆಮನೆ ಬಿಟ್ಟು ಬಂದು ನಿಂತಳು. ಎಲ್ಲರೂ ಸುತ್ತ ಸೇರಿದರು. ನರಸಿಂಹಪ್ಪ ಏಳೂ ಸ್ವರಗಳನ್ನು ಒಮ್ಮೆ ನುಡಿಸಿ ಕಿವಿ ತುಂಬಾ ಕೇಳಿಕೊಂಡರು. ಆಮೇಲೆ ಹಾಡತೊಡಗಿ, ಎರಡೇ ಸಾಲಿಗೆ ನಿಲ್ಲಿಸಿ, ವಸುಧಾ ಅವರ ಕಡೆ ನೋಡಿದರು.

“ಮುಂಚೆ ಈ ಪೆಟ್ಗೆ ಸುಮ್ಕಿರೋ ಜಾಗ್ದಾಗೆ ನಾನ್ ಎಲ್ಲಿಗೋದ್ರೂ ಯಾರ್ಗೂ ಗೊತ್ತಾಗ್ತಿರ್ಲಿಲ್ಲ ಕಣಮ್ಮ. ಈಗ ನೋಡು, ಪ್ರತಿ ಸಲಾನೂ ಸಾಕ್ಷಿ ಹೇಳ್ತೈತೆ.”

ಹಾಗೆಂದು, ಕೂತಲ್ಲೇ ಸ್ವಲ್ಪ ಜರುಗಿ ವಸುಧಾ ಅವರಿಗೆ ಬೆಂಚಿನಲ್ಲಿ ಜಾಗ ಮಾಡಿಕೊಟ್ಟು, ಗಾಂಧಾರ ಎಲ್ಲಿ ಹಿಡಿಯಬೇಕು ಎಂದು ಕೇಳಿದರು.